ಪ್ರಶ್ನೆ ಟೀಚರ್ ಬೇಕೆಂದೇ ತಪ್ಪು ಹೇಳಿದ ಮಧ್ಯಾಹ್ನ

ಸಾಮಾನ್ಯ ಜ್ಞಾನವೆಂದರೆ ವೇಳಾಪಟ್ಟಿಯಲ್ಲಿ ಉಳಿದುಹೋದ ಕೊನೆಯ ಪೀರಿಯಡ್ಡನ್ನು ತುಂಬಿಸುವ ವಿಷಯ, ಯಾವ ಟೀಚರಿಗೆ ಬಿಡುವಿದೆಯೋ ಅವರ ತಲೆಗೆ ಕಟ್ಟುವ ಕೆಲಸ ಎಂದು ಶಾಲೆಗಳು ಭಾವಿಸಿದ್ದ ದಿನಗಳಲ್ಲಿ, ಅದಕ್ಕೊಂದು ಕೋಣೆಯನ್ನೂ ಒಂದು ಘನತೆಯನ್ನೂ ದೊರಕಿಸಿಕೊಟ್ಟ ಕೆಲವೇ ಶಿಕ್ಷಕರಲ್ಲಿ ನಮ್ಮ ಪ್ರಶ್ನೆ ಟೀಚರ್ ಅಗ್ರಗಣ್ಯರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಆದರೆ ಮಕ್ಕಳು, ಸಹೋದ್ಯೋಗಿಗಳು, ಕಡೆಗೆ ಹಾಲಿನವನೂ ಅವರನ್ನು ಕರೆಯುತ್ತಿದ್ದುದು ಹೀಗೆಯೇ. ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಅವರ ಸೇವೆಯನ್ನು ನೆನೆಯುವುದು ಸಂತೋಷದ ಕೆಲಸವಾದರೂ, ಅದರ ನಡುವಿನ ಒಂದು ಮಧ್ಯಾಹ್ನವನ್ನು ನೆನೆದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆಯುವುದು ಮಾತ್ರ ಸಾಧ್ಯವಿಲ್ಲ.

ಇತಿಹಾಸದ ಶಿಕ್ಷಕಿಯಾಗಿ ಶಾಲೆಗೆ ಸೇರಿದ ಅವರಿಗೆ ಮೊದಲು ಸಿಕ್ಕಿದ್ದು ಮುರಿದ ಬೆಂಚುಗಳನ್ನು ಪೇರಿಸಿದ್ದ, ಮೆಟ್ಟಿಲ ಕೆಳಗಿನ ಉಗ್ರಾಣ. ಬೆಂಚುಗಳನ್ನು ಹೊರಗೆ ಸಾಗಿಸಿ, ಗೋಡೆಗೆ ಭೂಪಟ ತೂಗುಹಾಕಿ, ಮಧ್ಯದಲ್ಲಿ ಒಂದು ಉದ್ದನೆಯ ಮೇಜಿಟ್ಟು ಅವರು ಅಲ್ಲಿ ರಸಪ್ರಶ್ನೆ ಕೂಟ ಆರಂಭಿಸಿದರು. ಪ್ರಾಣಿಗಳಿಂದ ಹಿಡಿದು ಸಾಮ್ರಾಜ್ಯಗಳವರೆಗೆ, ನದಿಗಳಿಂದ ಹಿಡಿದು ಛಂದಸ್ಸಿನವರೆಗೆ ಅಲ್ಲಿ ಕೇಳದ ಪ್ರಶ್ನೆಯಿರಲಿಲ್ಲ. ಮೊದಲ ವರ್ಷಗಳಲ್ಲೇ ಒಬ್ಬಳು ಉಗ್ಗುವ ಹುಡುಗಿ ಕೂಟಕ್ಕೆ ಬಂದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಹೊರಬರುವಷ್ಟರಲ್ಲಿ ಮತ್ತೊಬ್ಬರು ಹೇಳಿಬಿಡುತ್ತಿದ್ದರು. ಟೀಚರ್ ಅವಳಿಗೆ ಏನೂ ಹೇಳಲಿಲ್ಲ, ಉಳಿದವರಿಗೂ ಏನೂ ಹೇಳಲಿಲ್ಲ. ಮರುವಾರದಿಂದ ಎಲ್ಲರ ಮುಂದೆಯೂ ಒಂದೊಂದು ಸ್ಲೇಟು ಬಂತು. "ಇನ್ಮೇಲೆ ಕೂಗಾಟ ಬೇಡ, ಪಕ್ಕದ ಕ್ಲಾಸಿನವರು ಬೈತಾರೆ, ಬರೆದು ತೋರಿಸಿ" ಎಂದರು, ಅಷ್ಟೇ. ಈ ಅಭಿನಂದನಾ ಸಂಪುಟದ ಕರಡು ತಿದ್ದಿಕೊಟ್ಟವರು ಆ ಹುಡುಗಿಯೇ.

ಇಷ್ಟು ಧೈರ್ಯವಾಗಿ ನಡೆದುಕೊಂಡವರ ಒಳಗೆ ಎಷ್ಟು ಅಂಜಿಕೆ ಇತ್ತೆಂಬುದು ಹತ್ತಿರದವರಿಗೆ ಮಾತ್ರ ಗೊತ್ತು. ಒಂದು, ತಪ್ಪು ಉತ್ತರದ ಅಂಜಿಕೆ. ಮಗುವಿನ ತಲೆಯಲ್ಲಿ ಒಮ್ಮೆ ಕೂತ ತಪ್ಪು ಸಾಯುವವರೆಗೆ ಏಳುವುದಿಲ್ಲವೆಂದು ನಂಬಿದ್ದ ಅವರು, ಒಂದು ಪುಸ್ತಕ ಹೇಳಿದ್ದನ್ನು ಇನ್ನೊಂದು ಪುಸ್ತಕ ಒಪ್ಪುವವರೆಗೆ ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಇನ್ನೊಂದು, ಎತ್ತರದ ಅಂಜಿಕೆ. ಮನೆಯಲ್ಲಿ ಮಹಡಿಯ ಮೇಲೆ ಬಟ್ಟೆ ಒಣಗಿಸಲು ನಾದಿನಿಯೇ ಹೋಗಬೇಕು. ಸ್ಟೂಲು ಹತ್ತಿ ಬಲ್ಬು ಬದಲಿಸುವುದಕ್ಕೂ ಗಂಡ ಕೆಲಸದಿಂದ ಬರುವವರೆಗೆ ಕತ್ತಲಲ್ಲೇ ಕೂತಿರುತ್ತಿದ್ದರಂತೆ.

ಅಂಥವರು ಬೆಟ್ಟದ ಮೇಲಿನ ಶಾಲೆಯಲ್ಲಿ ನಡೆಯಲಿದ್ದ ಅಂತರಶಾಲಾ ಸ್ಪರ್ಧೆಗೆ ನಾಲ್ವರು ಮಕ್ಕಳನ್ನು ಕರೆದುಕೊಂಡು ಹೊರಟರು. ಮೇಲಕ್ಕೆ ಹೋಗುವ ರಸ್ತೆ ಕುಸಿದು ದುರಸ್ತಿಯಲ್ಲಿತ್ತು. ಉಳಿದಿದ್ದ ದಾರಿ, ತಂತಿಗೆ ಜೋತ ಡಬ್ಬಿಗಳಲ್ಲಿ ಕೂತು ಹೋಗುವ ರೋಪ್‌ವೇ ಒಂದೇ. ಹೋಗುವಾಗ ಅವರು ಕಣ್ಣು ಮುಚ್ಚಿಕೊಂಡೇ ಕೂತಿದ್ದರು, ಮಕ್ಕಳು ಅದನ್ನು ಪ್ರಾರ್ಥನೆಯೆಂದು ತಿಳಿದರು. ಸ್ಪರ್ಧೆಯಲ್ಲಿ ನಮ್ಮವರು ಎರಡನೆಯವರಾದರು. ಊಟ ಮುಗಿಸಿ ಇಳಿಯುವಾಗ ಒಂದು ಡಬ್ಬಿಯಲ್ಲಿ ಐವರೂ ಕೂತರು. ತಂಡದ ನಾಯಕನಾಗಿದ್ದ ಕನ್ನಡಕದ ಹುಡುಗನಿಗೆ ಮಕ್ಕಳಿಟ್ಟ ಹೆಸರು ನಿಘಂಟು. ಎಲ್ಲರಿಗಿಂತ ಚಿಕ್ಕವಳು ಗುಬ್ಬಿ, ಪ್ರಾಣಿಗಳ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜೊತೆಗೆ ಒಂಬತ್ತನೆಯ ತರಗತಿಯ ಇಬ್ಬರು ಗೆಳತಿಯರು.

ಕಣಿವೆಯ ನಡುವೆ ಬಂದಾಗ ಗಾಳಿ ಎದ್ದಿತು. ತಲೆಯ ಮೇಲೆ ಎಲ್ಲೋ ಕಬ್ಬಿಣ ಕಬ್ಬಿಣವನ್ನು ಕಚ್ಚಿದಂಥ ಸದ್ದಾಯಿತು. ಡಬ್ಬಿ ಮುಂದಕ್ಕೆ ತೂರಾಡಿ, ಹಿಂದಕ್ಕೆ ಬಂದು ನಿಂತುಬಿಟ್ಟಿತು. ಮೂಲೆಯಲ್ಲಿದ್ದ ಸ್ಪೀಕರಿನಿಂದ "ಯಾರೂ ಗಾಬರಿ ಆಗಬೇಡಿ" ಎಂಬ ಮಾತು ಬಂತು, ಅದರ ನಂತರ ಗೊರಗೊರ ಸದ್ದು, ಆಮೇಲೆ ಅದೂ ಇಲ್ಲ. ಕೆಳಗೆ ನೋಡಿದರೆ ಮರಗಳು ಕೊತ್ತಂಬರಿ ಸೊಪ್ಪಿನ ಹಾಗೆ ಕಾಣುತ್ತಿದ್ದವು. ಟೀಚರ್ ಎರಡೂ ಕೈಗಳಿಂದ ಸೀಟಿನ ಪಕ್ಕದ ಕಂಬಿಯನ್ನು ಹಿಡಿದಿದ್ದರು.

ಆಗ ತಂತಿ ಜಾರಿತು. ಬಹಳವೇನಲ್ಲ, ಒಂದು ಮೊಳದಷ್ಟು. ಗುಬ್ಬಿ ಕಿರುಚಿಕೊಂಡು ಎದ್ದು ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಜಗ್ಗತೊಡಗಿದಳು. "ನಾನು ಇಳೀತೀನಿ! ನಾನಿಲ್ಲೇ ಇಳೀತೀನಿ!" ಹಳೆಯ ಚಿಲಕ. ಅದು ಅವಳ ಕೈಯಲ್ಲಿ ಲಟಲಟ ಅಲ್ಲಾಡುವುದು ಟೀಚರಿಗೆ ಕಾಣಿಸಿತು. ಕಂಬಿ ಬಿಟ್ಟು ಏಳುವುದು ತಮ್ಮಿಂದ ಆಗುವುದಿಲ್ಲವೆಂದೇ ಅವರಿಗೆ ಅನ್ನಿಸಿತಂತೆ. ಹೇಗೋ ಒಂದು ಕೈ ಬಿಟ್ಟು, ಗುಬ್ಬಿಯ ಲಂಗವನ್ನು ಹಿಡಿದೆಳೆದು, ಅವಳನ್ನು ತಮ್ಮ ಮೊಣಕಾಲುಗಳ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡರು. ಮಗು ಒದ್ದಾಡಿತು. ಅವಳು ಒದ್ದಾಡಿದಷ್ಟೂ ಡಬ್ಬಿ ತೂಗಿತು.

"ಗುಬ್ಬಿ, ಇಲ್ಲಿ ಕೇಳು. ಆಕ್ಟೋಪಸ್‌ಗೆ ಎಷ್ಟು ಹೃದಯ?"

"ನಂಗೊತ್ತಿಲ್ಲ."

ಗೊತ್ತಿತ್ತು. ಮೂರು ಎಂದು ಅವಳು ನಿದ್ದೆಯಲ್ಲೂ ಹೇಳುತ್ತಿದ್ದಳು. ಟೀಚರ್ ಉಳಿದವರ ಕಡೆ ತಿರುಗಿದರು. ಪದ್ಯಕ್ಕೂ ದುಂಬಿಗೂ ಒಂದೇ ಹೆಸರು, ಯಾವುದು? ಜಗತ್ತಿನ ಅತಿ ದೊಡ್ಡ ಮರುಭೂಮಿ ಅಂಟಾರ್ಟಿಕಾ, ಯಾಕೆ? ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ನಿಘಂಟು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ, ಮುಂದೆ ಆಗುವುದನ್ನು ನೋಡಬಾರದೆನ್ನುವವನಂತೆ. "ನಾವು ಹೆದರಬಾರ್ದು ಅಂತ ತಾನೇ ಟೀಚರ್ ನೀವು ಕೇಳ್ತಿರೋದು? ಬೇಡ ಬಿಡಿ" ಎಂದ.

ಆ ಮಾತು ಕೇಳಿದಾಗ ತಂತಿ ಜಾರಿದ್ದಕ್ಕಿಂತ ಹೆಚ್ಚು ಭಯವಾಯಿತೆಂದು ಟೀಚರ್ ಮುಂದೊಮ್ಮೆ ಹೇಳಿದ್ದಾರೆ. ಅವರ ಬಳಿ ಇದ್ದದ್ದು ಪ್ರಶ್ನೆಗಳು ಮಾತ್ರ. ಅವೂ ಕೈಕೊಟ್ಟವು. ಗಾಳಿ ಮತ್ತೆ ಬೀಸಿತು, ಗುಬ್ಬಿಯ ಕಣ್ಣು ಮತ್ತೆ ಚಿಲಕದ ಕಡೆ ಹೋಯಿತು. ಆಗ ಅವರ ಬಾಯಿಂದ, ಜೀವಮಾನದಲ್ಲಿ ಒಂದು ದಿನವೂ ಬರದಿದ್ದ ಮಾತು ಬಂತು.

"ಸರಿ, ಪ್ರಶ್ನೆ ಬೇಡ. ನಾನೇ ಹೇಳ್ತೀನಿ. ತಿಮಿಂಗಿಲ ಅನ್ನೋದು ಒಂದು ಮೀನು."

ಮೊಣಕಾಲುಗಳ ನಡುವಿನಿಂದ ಒಂದು ಸಣ್ಣ ದನಿ ಬಂತು. "ಅಲ್ಲ."

"ಏನಲ್ಲ? ನೀರಲ್ಲಿರುತ್ತೆ, ಈಜುತ್ತೆ. ಮೀನೇ."

"ಅಲ್ಲ ಟೀಚರ್! ಅದು ಮರಿ ಹಾಕುತ್ತೆ, ಹಾಲು ಕುಡಿಸುತ್ತೆ!"

"ಹಾಗಾದ್ರೆ ಬಾವಲಿನೂ ಹಕ್ಕಿ ಅಲ್ಲ ಅಂತೀಯೇನು?"

"ಅಲ್ಲ! ನೀವೇ ಹೇಳಿದ್ರಿ ಅಲ್ಲ ಅಂತ!"

"ನಾನೆಲ್ಲಿ ಹೇಳಿದೆ? ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ. ಜಿರಾಫೆ ಕತ್ತಲ್ಲಿ ನಮಗಿಂತ ಎರಡರಷ್ಟು ಮೂಳೆ ಇರುತ್ತೆ, ಅದೂ ಗೊತ್ತಿಲ್ವಾ ನಿಂಗೆ?"

ಗುಬ್ಬಿ ಅವರ ಮೊಣಕಾಲಿಗೆ ಗುದ್ದಿದಳು. "ಏಳೇ! ನಮಗೂ ಏಳೇ, ಅದಕ್ಕೂ ಏಳೇ!" ಗೆಳತಿಯರಲ್ಲಿ ಒಬ್ಬಳು ಅಳು ನಿಲ್ಲಿಸಿ ತಲೆಯೆತ್ತಿದಳು. ಟೀಚರ್ ಅವಳನ್ನೂ ಬಿಡಲಿಲ್ಲ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದರು. ಕ್ಯಾನ್‌ಬೆರಾ ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಈಜಿಪ್ಟಿನ ಪಿರಮಿಡ್ಡುಗಳನ್ನು ರೋಮನ್ನರು ಕಟ್ಟಿದರೆಂದರು, ಷಟ್ಪದಿಗೆ ನಾಲ್ಕೇ ಸಾಲೆಂದರು. ನಿಘಂಟುವಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಕಣ್ಣಿಗೆ ಹಾಕಿಕೊಂಡು, "ಹೆಸರಲ್ಲೇ ಆರು ಅಂತ ಇದೆಯಲ್ಲ ಟೀಚರ್, ನಿಮಗೇನಾಗಿದೆ?" ಎಂದು ರೇಗಿದ. ಶಾಲೆಯಲ್ಲಿ ಆ ದನಿಯಲ್ಲಿ ಮಾತಾಡಿದ್ದರೆ ಹೊರಗೆ ನಿಲ್ಲಬೇಕಾಗುತ್ತಿತ್ತು. ಟೀಚರ್ ಅವನಿಗಿಂತ ಜೋರಾಗಿ ರೇಗಿದರು. ಡಬ್ಬಿಯೊಳಗೆ ಮೀನು ಮಾರುಕಟ್ಟೆಯಷ್ಟು ಗದ್ದಲವಾಯಿತು. ನಡುನಡುವೆ ತಂತಿ ಕಿರ್ರೆಂದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಆ ಮೌನ ಬೆಳೆಯುವ ಮೊದಲೇ ಟೀಚರ್ ಮತ್ತೊಂದು ಸುಳ್ಳು ಹೇಳುತ್ತಿದ್ದರು. ಪ್ರತಿ ಸುಳ್ಳಿಗೂ ಅವರ ಒಳಗೆ ಏನೋ ಕಿತ್ತುಬರುತ್ತಿತ್ತು. ಈ ಮಕ್ಕಳು ಕೊನೆಯದಾಗಿ ಕೇಳುವ ಮಾತು ಇದೇ ಆಗಿಬಿಟ್ಟರೆ ಎಂಬ ಯೋಚನೆ ಹೋಗಲೊಲ್ಲದು.

ಬೆಳಕು ಬಾಡುವ ಹೊತ್ತಿಗೆ ಮೇಲಿನ ತಂತಿಯಿಂದ ರಕ್ಷಣಾ ದಳದ ಯುವಕನೊಬ್ಬ ರಾಟೆಗೆ ಜೋತುಬಿದ್ದು ಬಂದು ಬಾಗಿಲು ತೆಗೆದ. ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗದಲ್ಲಿ ಒಬ್ಬೊಬ್ಬರನ್ನಾಗಿ ಕೆಳಗಿಳಿಸತೊಡಗಿದ. ಗುಬ್ಬಿ ಮೊದಲು. ಹೊಸ್ತಿಲಿನಲ್ಲಿ ಕಾಲು ಇಳಿಬಿಟ್ಟಾಗ ಅವಳ ಮುಖ ಬಿಳಿಚಿಕೊಂಡಿತು. ಟೀಚರ್ ಕುಳಿತಲ್ಲಿಂದಲೇ, "ಹೋಗು, ಕೆಳಗೆ ಯಾರನ್ನಾದ್ರೂ ಕೇಳು, ತಿಮಿಂಗಿಲ ಮೀನೇ ಅಂತಾರೆ" ಎಂದರು. "ಅಲ್ಲ!" ಎನ್ನುತ್ತಲೇ ಅವಳು ಕಣ್ಮರೆಯಾದಳು.

ಮಕ್ಕಳೆಲ್ಲ ಇಳಿದ ಮೇಲೆ ಆ ಯುವಕನೂ ಹಗ್ಗ ಸರಿಪಡಿಸಲು ಕೆಳಗೆ ಹೋಗಬೇಕಾಯಿತು. ಟೀಚರ್ ಒಬ್ಬರೇ ಉಳಿದರು. ವಾದ ಮಾಡಲು ಯಾರೂ ಇಲ್ಲ. ತೆರೆದ ಬಾಗಿಲಿನಿಂದ ಗಾಳಿ ಒಳನುಗ್ಗುತ್ತಿತ್ತು, ಹಗುರಾದ ಡಬ್ಬಿ ಮೊದಲಿಗಿಂತ ಹೆಚ್ಚು ತೂಗುತ್ತಿತ್ತು. ಅದುವರೆಗೆ ತಡೆದಿಟ್ಟಿದ್ದ ಭಯವೆಲ್ಲ ಒಮ್ಮೆಲೇ ಬಂತು. ಅವರು ನೆಲದ ಮೇಲೆ ಕುಸಿದು, ಕಂಬಿಯನ್ನು ತಬ್ಬಿ, ಅದಕ್ಕೆ ಕೆನ್ನೆಯೊತ್ತಿ ಅತ್ತರು. ಯುವಕ ಮರಳಿ ಬಂದಾಗ ಅವರ ಬೆರಳುಗಳು ಬಿಚ್ಚಲೇ ಇಲ್ಲ.

"ಕೈ ಬಿಡಿ ಮೇಡಂ."

"ಆಗಲ್ಲಪ್ಪ. ನನ್ನ ಕೈಲಿ ಆಗಲ್ಲ. ನೀನು ಹೋಗಿಬಿಡು."

ಅವನು ಬಲವಂತ ಮಾಡಲಿಲ್ಲ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಹೇಳಿದ, "ಮೇಡಂ, ಕೆಳಗೆ ಆ ಪುಟ್ಟ ಹುಡುಗಿ ಯಾರ ಮಾತೂ ಕೇಳ್ತಿಲ್ಲ. ಆಂಬುಲೆನ್ಸ್ ಹತ್ತು ಅಂದ್ರೂ ಹತ್ತಲ್ಲ. ಟೀಚರ್ ಹೇಳಿದ್ದೆಲ್ಲಾ ತಪ್ಪು, ಇಳಿದು ಬಂದು ಒಪ್ಕೋಬೇಕು, ಅಲ್ಲೀವರೆಗೆ ನಾನಿಲ್ಲೇ ನಿಂತಿರ್ತೀನಿ ಅಂತ ಹೇಳಿ ಕಳಿಸಿದ್ದಾಳೆ."

ಟೀಚರ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ನೆಲ ಮುಟ್ಟಿದವರೇ ಮಣ್ಣಿನ ಮೇಲೆ ಕೂತು, ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಗುಬ್ಬಿಗೆ, "ಎಲ್ಲಾ ತಪ್ಪೇ ಕಣಮ್ಮ. ಒಂದೂ ಬಿಡದೆ ತಪ್ಪು" ಎಂದರು. ಗುಬ್ಬಿ ಅವರ ಕತ್ತು ತಬ್ಬಿಕೊಂಡು, ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಮನೆಗೆ ಬಂದಾಗ ಬಾಗಿಲಲ್ಲೇ ಕಾದಿದ್ದ ನಾದಿನಿ, "ಅತ್ತಿಗೆ, ಮಹಡಿ ಹತ್ತೋಕೆ ಹೆದರೋ ನೀವು ಅಲ್ಲಿ ಹೇಗಿದ್ರಿ?" ಎಂದು ಕೇಳಿದರೆ, "ಬದುಕಿದ್ದೆ ಅಷ್ಟೇ" ಎಂದರಂತೆ. ಭಯ ಅಲ್ಲಿಗೇ ಮುಗಿಯಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು. ತರಗತಿಯ ಫ್ಯಾನು ಕಿರುಗುಟ್ಟಿದರೆ ಪಾಠ ಹೇಳುತ್ತಿದ್ದ ಟೀಚರ್ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಗುಬ್ಬಿ ಎಷ್ಟೋ ದಿನ ಶಾಲೆಗೇ ಬರಲಿಲ್ಲ. ಟೀಚರ್ ಸಂಜೆ ಅವಳ ಮನೆಗೆ ಹೋಗಿ, ಪಾಠವನ್ನೇನೂ ಹೇಳದೆ, ಅಡುಗೆಮನೆಯ ಬಾಗಿಲಲ್ಲಿ ಅವಳ ಪಕ್ಕ ಕೂತಿರುತ್ತಿದ್ದರು. ಒಂದು ಸಂಜೆ ಮಗು, "ಈ ಹೆದರಿಕೆ ಯಾವತ್ತು ಹೋಗುತ್ತೆ ಟೀಚರ್?" ಎಂದಿತು. ಅವರು ಸುಳ್ಳು ಹೇಳಲಿಲ್ಲ. "ನಂಗೂ ಗೊತ್ತಿಲ್ಲ ಗುಬ್ಬಿ. ನಂದೂ ಇನ್ನೂ ಹೋಗಿಲ್ಲ" ಎಂದರು. ಮರುದಿನ ಗುಬ್ಬಿ ಶಾಲೆಗೆ ಬಂದಳು. ಅಂದಿನಿಂದ ಟೀಚರ್ ನಿವೃತ್ತರಾಗುವವರೆಗೂ ನಡೆದ ಸ್ಪರ್ಧೆಗಳು, ಬಂದ ಬಹುಮಾನಗಳು ಈ ಸಂಪುಟದ ಬೇರೆ ಲೇಖನಗಳಲ್ಲಿ ಬಂದಿರುವುದರಿಂದ ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ.

ನಿವೃತ್ತಿಯ ಸುದ್ದಿ ತಿಳಿದ ರಕ್ಷಣಾ ದಳದವರು ಅವರನ್ನು ತಮ್ಮ ತರಬೇತಿ ಕೇಂದ್ರಕ್ಕೆ ಕರೆದಿದ್ದಾರೆ. ಎತ್ತರದಲ್ಲಿ ಸಿಕ್ಕಿಕೊಂಡವರೊಂದಿಗೆ ಏನು ಮಾತಾಡಬೇಕೆಂದು ಹೊಸಬರಿಗೆ ಹೇಳಿಕೊಡುವುದು ಕೆಲಸ. ಆದರೆ ಪಾಠ ನಡೆಯುವುದು ಅಭ್ಯಾಸದ ಗೋಪುರದ ಮೇಲೆ. ಬೇಡವೆನ್ನುತ್ತಾರೆಂದು ಮನೆಯವರೆಲ್ಲ ತಿಳಿದಿದ್ದರು. ಕಳೆದ ವಾರ ಅವರು ಹೋದರು. ಕಬ್ಬಿಣದ ಏಣಿಯನ್ನು ಹಿಡಿದು, ಕೆಳಗೆ ನೋಡದೆ, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಹಿಂದೆಯೇ ಹತ್ತುತ್ತಿದ್ದ ಹೊಸ ಹುಡುಗಿಯೊಬ್ಬಳು, "ಮೇಡಂ, ನಿಮಗೆ ಹೆದರಿಕೆ ಆಗ್ತಿಲ್ವಾ?" ಎಂದು ಕೇಳಿದಳು.

"ತುಂಬಾ ಆಗ್ತಿದೆ. ಮುಂದಿನ ಪ್ರಶ್ನೆ ಕೇಳು."

ಮುಂದಿನ ಪ್ರಶ್ನೆಗಳು ಅವರಿಗೆ ಬಹುಕಾಲ ಮುಗಿಯದಿರಲಿ. ಆಯುಷ್ಯ ದೊಡ್ಡದಾಗಲಿ, ಮಂಡಿಗಳು ಗಟ್ಟಿಯಾಗಿರಲಿ, ಹತ್ತಿದ ಪ್ರತಿ ಸಲವೂ ಅವರು ಕ್ಷೇಮವಾಗಿ ಇಳಿದು ಬರಲಿ.