ಹಾಜರಿ ಪುಸ್ತಕದ ಪೆನ್ಸಿಲ್ ಚುಕ್ಕೆಗಳು

ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ನಂಬಿದ್ದ ಮಾತು ಇದು: ಕಚೇರಿಯ ಗುಮಾಸ್ತೆ ಪೆನ್ಸಿಲಕ್ಕ ಮುಖ್ಯೋಪಾಧ್ಯಾಯರ ಕಿವಿ. ವರ್ಷದ ಕೊನೆಗೆ ಯಾರನ್ನು ಮನೆಗೆ ಕಳಿಸಬೇಕೋ ಅವರ ಹೆಸರಿನ ಪಕ್ಕ ಹಾಜರಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾರೆ. ಇದಕ್ಕೆ ಪುರಾವೆಯೂ ಇತ್ತು. ಹಿಂದಿನ ವರ್ಷ ಚುಕ್ಕೆ ಬಿದ್ದ ನಾಲ್ವರಲ್ಲಿ ಇಬ್ಬರು ಈ ವರ್ಷ ಇರಲಿಲ್ಲ. ಅವರಲ್ಲಿ ಒಬ್ಬರು ಹೆರಿಗೆಗೆ ಹೋಗಿ ಮರಳಿರಲಿಲ್ಲ, ಇನ್ನೊಬ್ಬರಿಗೆ ಬೇರೆಡೆ ಒಳ್ಳೆಯ ಕೆಲಸ ಸಿಕ್ಕಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಚುಕ್ಕೆ ನಿಜ. ಉಳಿದದ್ದು ಸುಳ್ಳು.

ಪೆನ್ಸಿಲಕ್ಕನ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತಿತ್ತು. ಕೌಂಟರಿನ ಮೇಲೆ ಹಾಜರಿ ಪುಸ್ತಕ ತೆರೆದಿಟ್ಟು, ದಾರ ಕಟ್ಟಿದ ಪೆನ್ನನ್ನು ಅದರ ಮಡಿಲಿಗೆ ಹಾಕಿ, ಒಂದು ಮೋಟು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಡ್ಡಹೆಸರು ಬಂದದ್ದು ಅದರಿಂದಲೇ. ಒಂಬತ್ತರೊಳಗೆ ಮೂವತ್ತೆರಡು ಸಹಿ ಬೀಳಬೇಕು. ಬಾರದವರ ತರಗತಿಗಳನ್ನು ಬಂದವರ ಬಿಡುವಿನ ಪೀರಿಯಡ್‌ಗಳಿಗೆ ಹಂಚಿ, ಅಂಗೈಯಗಲದ ಚೀಟಿಗಳಲ್ಲಿ ಬರೆದು ಕಳಿಸುವುದು ಅವರ ಹೊಣೆ. ಆ ಚೀಟಿಯನ್ನು ನಗುನಗುತ್ತಾ ಪಡೆದ ಮೇಷ್ಟರನ್ನು ಆ ಕಟ್ಟಡ ಕಂಡಿಲ್ಲ. ದಿನಕ್ಕೊಮ್ಮೆ ಸಿಗುವ ನಲವತ್ತು ನಿಮಿಷದ ಉಸಿರನ್ನು ಅದು ಕಸಿದುಕೊಳ್ಳುತ್ತಿತ್ತು. ಚುಕ್ಕೆಯ ಅರ್ಥ ಇಷ್ಟೇ: ಇವತ್ತು ಇವರಿಗೆ ಚೀಟಿ ಬೇಡ.

ಯಾರಿಗೆ ಬೇಡ ಎಂಬುದನ್ನು ಅವರು ಸಹಿಯಿಂದ ತಿಳಿಯುತ್ತಿದ್ದರು. ಆ ಓದನ್ನು ಕಲಿತದ್ದು ತಡವಾಗಿ. ಅವರ ತಂಗಿ ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಜೂನ್‌ನಲ್ಲಿ ಚೌಕ ಮೀರಿ ಆಚೆ ಚಾಚಿಕೊಳ್ಳುತ್ತಿದ್ದ ಅವಳ ಸಹಿ ಜನವರಿಯ ಹೊತ್ತಿಗೆ ಎರಡಕ್ಷರವಾಗಿ ಮೂಲೆಗೆ ಸರಿದಿತ್ತು. ದಿನವೂ ಅದನ್ನು ಕಣ್ಣಾರೆ ಕಂಡ ಅಕ್ಕ, ಹುಡುಗಿ ಆತುರದಲ್ಲಿದ್ದಾಳೆ ಎಂದುಕೊಂಡಿದ್ದರು. ಒಂದು ಮಧ್ಯಾಹ್ನ ತಂಗಿ ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟು ಹೊರಟವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತಿದ್ದಳು. ಮತ್ತೆ ಶಾಲೆಗೆ ಬರಲಿಲ್ಲ. ಈಗ ಅಕ್ಕನ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಶಾಲೆಯ ಬೀದಿ ತಪ್ಪಿಸಿ ಸುತ್ತುಬಳಸಿ ಓಡಾಡುತ್ತಾಳೆ. ಇದನ್ನು ಬಲ್ಲವರು ಕೂಡ ಅನುಮಾನಕ್ಕೇ ನೀರೆರೆದರು. ತಂಗಿಯನ್ನು ಉಳಿಸಿಕೊಳ್ಳದ ಶಾಲೆಯ ಮೇಲೆ ಅಕ್ಕ ಹಲ್ಲು ಮಸೆಯುತ್ತಿದ್ದಾಳೆ, ಎಂದರು.

ಚುಕ್ಕೆಯನ್ನು ಮೊದಲು ಪತ್ತೆಹಚ್ಚಿದವರು ಪಿ.ಟಿ. ಮೇಷ್ಟರು.

“ಏನಕ್ಕಾ, ಚುಕ್ಕೆ ಇಟ್ಟಿದ್ದೀರಿ, ಗೆರೆ ಯಾವತ್ತು ಎಳೀತೀರಿ?”

“ನಿಮ್ಮ ಹೆಸರಿಗೆ ಇಟ್ಟಿಲ್ವಲ್ಲ ಮೇಷ್ಟ್ರೇ, ನಿಮಗ್ಯಾಕೆ ಹೊಟ್ಟೆನೋವು?”

“ಅದೇ ಭಯ. ನನ್ನನ್ನ ಚುಕ್ಕೆ ಇಡದೇನೇ ಕಳಿಸ್ತೀರೇನೋ ಅಂತ.”

ಕೌಂಟರಿನ ಬಳಿ ಇದ್ದವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಆ ನಗು ಪಿಸುಮಾತಾಗಿತ್ತು. ಇಡೀ ಬದುಕು ಬೇರೆಯವರ ಹಾಳೆಗಳ ಮೇಲೆ ಗುರುತು ಹಾಕಿದ ಜನ, ತಮ್ಮ ಹೆಸರಿನ ಪಕ್ಕದ ಗುರುತನ್ನು ತಪ್ಪೆಂದಲ್ಲದೆ ಬೇರೆ ಬಗೆಯಲ್ಲಿ ಓದಲಾರದೆ ಹೋದರು.

ಎಲ್ಲರಿಗಿಂತ ಹೆಚ್ಚಾಗಿ ಗಣಿತದ ಮೇಡಂ. ಪೋಷಕರ ಸಭೆಯಲ್ಲಿ ಒಬ್ಬ ತಂದೆ, ಮಗಳಿಗೆ ಅಂಕ ಕಡಿಮೆ ಬಂತೆಂದು ಎಲ್ಲರೆದುರು ಅವರ ಮೇಲೆ ಕೂಗಾಡಿ, ಆಡಳಿತ ಮಂಡಳಿಗೆ ದೂರನ್ನೂ ಬರೆದಿದ್ದ. ಅದರ ವಿಚಾರಣೆ ನಡೆಯುತ್ತಿತ್ತು. ವಾರದಿಂದ ವಾರಕ್ಕೆ ಮೇಡಂ ಸಹಿ ಕುಗ್ಗಿತು. ಹದಿನಾಲ್ಕು ದಿನ ಸಾಲಾಗಿ ಚುಕ್ಕೆ ಬಿತ್ತು, ಹದಿನಾಲ್ಕು ದಿನ ಒಂದೂ ಚೀಟಿ ಬರಲಿಲ್ಲ. ಮೇಡಂ ಇವೆರಡನ್ನೂ ಕೂಡಿಸಿ ನೋಡಿದರು. ತಮಗೆ ಕೆಲಸ ಕಡಿಮೆ ಮಾಡಿ, ಆಮೇಲೆ ಕೆಲಸವೇ ಇಲ್ಲವೆಂದು ಕಳಿಸುವ ಹುನ್ನಾರ ಇದು. ತಾವು ಗಟ್ಟಿಯಾಗಿದ್ದೇವೆಂದು ತೋರಿಸಲು ಬೆಳಗಿನ ಗೇಟಿನ ಉಸ್ತುವಾರಿ, ಸಂಜೆಯ ವಿಶೇಷ ತರಗತಿ, ಇನ್ನೊಬ್ಬರ ಉತ್ತರ ಪತ್ರಿಕೆಗಳ ಕಟ್ಟು ಎಲ್ಲವನ್ನೂ ಮೈಮೇಲೆ ಎಳೆದುಕೊಂಡರು. ಪೆನ್ಸಿಲಕ್ಕ ಉಳಿಸಿಕೊಟ್ಟದ್ದು ನಲವತ್ತು ನಿಮಿಷ, ಚುಕ್ಕೆಯ ಹೆದರಿಕೆ ತಿಂದದ್ದು ಮೂರು ಗಂಟೆ.

ಒಂದು ಬೆಳಿಗ್ಗೆ ಮೇಡಂ ಕೌಂಟರಿಗೆ ಬಂದು ನಿಂತರು.

“ನಂಗೂ ಚೀಟಿ ಕೊಡಿ ಅಕ್ಕ.”

“ಇವತ್ತು ಜನ ಸಾಕಷ್ಟಿದ್ದಾರೆ ಮೇಡಂ. ಬಿಡುವಿದ್ದಾಗ ಸ್ವಲ್ಪ ಕೂತ್ಕೊಳ್ಳಿ.”

“ನನ್ನ ಕೂರ್ಸಿ ಅಂತ ಯಾರು ಹೇಳಿದ್ರು ನಿಮಗೆ? ಅವರಾ?” ಮೇಡಂ ಕಣ್ಣು ಮುಖ್ಯೋಪಾಧ್ಯಾಯರ ಬಾಗಿಲಿನ ಮೇಲಿತ್ತು.

ಪೆನ್ಸಿಲಕ್ಕ ಚೀಟಿಗಳ ಕಟ್ಟನ್ನು ತಮ್ಮತ್ತ ಎಳೆದುಕೊಂಡರು. ನಿಮ್ಮ ಸಹಿ ನನ್ನ ತಂಗಿಯ ಸಹಿಯಂತಾಗುತ್ತಿದೆ ಎಂದು ನಾಲ್ಕು ಜನರ ನಡುವೆ ಹೇಳುವುದು ಹೇಗೆ? ಇವರೂ ಸೀಮೆಸುಣ್ಣ ಕೆಳಗಿಡುವ ದಿನ ದೂರವಿಲ್ಲ ಎಂಬುದು ಮಾತ್ರ ಅವರಿಗೆ ನಿಚ್ಚಳವಾಗಿತ್ತು.

ಆ ಗುರುವಾರ ಮುಖ್ಯೋಪಾಧ್ಯಾಯರು ಪೆನ್ಸಿಲಕ್ಕನನ್ನು ಒಳಗೆ ಕರೆದರು. ಚುಕ್ಕೆಯ ಸುದ್ದಿ ಅವರನ್ನೂ ತಲುಪಿತ್ತು; ಚುಕ್ಕೆ ಬಿದ್ದವರಿಗೆ ಚೀಟಿ ಹೋಗುವುದಿಲ್ಲ ಎಂಬುದನ್ನೂ ಅವರು ಗಮನಿಸಿದ್ದರು.

“ಯಾರು ಸೋತಿದ್ದಾರೆ ಅನ್ನೋದು ನಿಮಗೆ ಗೊತ್ತಾಗುತ್ತಂತಲ್ಲಮ್ಮ. ಶನಿವಾರ ಮಂಡಳಿಯವರು ಬರ್ತಾರೆ, ಒಂದು ಪಟ್ಟಿ ಮಾಡಿಕೊಡಿ. ಪಾಪ, ಏನಾದ್ರೂ ಸಹಾಯ ಮಾಡೋಣ.”

“ಎಂಥ ಸಹಾಯ ಸಾರ್?”

“ಅದನ್ನ ಮಂಡಳಿ ನೋಡ್ಕೊಳ್ಳುತ್ತೆ. ಪುಸ್ತಕಾನೂ ತನ್ನಿ.”

ಅದು ನಿಜವಾದ ಮರುಕವೇ ಇದ್ದೀತು. ಆದರೆ ತಂಗಿಯ ವಿಷಯದಲ್ಲೂ ಇದೇ ‘ಪಾಪ’ ಕೇಳಿಸಿತ್ತು, ಹತ್ತೇ ದಿನದಲ್ಲಿ ಅವಳ ಕುರ್ಚಿಯಲ್ಲಿ ಹೊಸಬರು ಕುಳಿತಿದ್ದರು. ಇಷ್ಟು ದಿನ ಸುಳ್ಳಾಗಿದ್ದ ಮಾತು ಶನಿವಾರ ನಿಜವಾಗಿಬಿಡುತ್ತದೆ ಎಂಬುದು ಪೆನ್ಸಿಲಕ್ಕನಿಗೆ ಹೊಳೆಯಿತು. ಊಟದ ಬಿಡುವಿನಲ್ಲಿ ಕಚೇರಿಯ ಬಾಗಿಲು ಮುಂದೆ ಮಾಡಿ, ರಬ್ಬರ್ ಹಿಡಿದು, ಚುಕ್ಕೆಗಳನ್ನು ಒಂದೊಂದಾಗಿ ಅಳಿಸತೊಡಗಿದರು.

ಬಾಗಿಲು ತಳ್ಳಿಕೊಂಡು ಗಣಿತದ ಮೇಡಂ ಒಳಗೆ ಬಂದರು.

“ಅಳಿಸಿ, ಅಳಿಸಿ. ನಾನಂತೂ ನೋಡಾಯ್ತು.”

ಪೆನ್ಸಿಲಕ್ಕ ರಬ್ಬರ್ ಕೆಳಗಿಟ್ಟರು. ಬೀರುವಿನಿಂದ ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ಜೂನ್ ತಿಂಗಳ ಹಾಳೆಯಿಂದ ಜನವರಿಯವರೆಗೆ ಒಂದೇ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಮಗುಚುತ್ತಾ ಹೋದರು. “ನನ್ನ ತಂಗಿ,” ಎಂದರು. ಆಮೇಲೆ ಈ ವರ್ಷದ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಮೇಡಂ ಸಾಲನ್ನು ತೋರಿಸಿದರು. ಹೀಗಾದವರಿಗೆ ಚೀಟಿ ಬೇಡವೆಂದು ತಾವೇ ಇಟ್ಟ ಗುರುತು ಅದು, ಯಾರೂ ಹೇಳಿ ಇಡಿಸಿದ್ದಲ್ಲ, ಎಂದರು.

ಮೇಡಂ ಎರಡೂ ಹಾಳೆಗಳನ್ನು ತುಂಬ ಹೊತ್ತು ನೋಡಿದರು.

“ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ?”

“ಇಲ್ಲ.”

“ಈಗ?”

“ಅರ್ಧ.”

“ಅಷ್ಟು ಸಾಕು. ಗೇಟು, ಸಂಜೆ ಕ್ಲಾಸು ಎಲ್ಲ ಬಿಡಿ. ನಾಳೆ ಡಾಕ್ಟರ ಹತ್ರ ಹೋಗಿ, ರಜೆ ಅರ್ಜಿ ನೀವೇ ಬರೀರಿ. ಅವರಾಗಿ ಮನೆಗೆ ಕಳಿಸೋದು ಬೇರೆ, ನೀವಾಗಿ ರಜೆ ಕೇಳೋದು ಬೇರೆ.”

ಪೆನ್ಸಿಲಕ್ಕ ಮತ್ತೆ ರಬ್ಬರ್ ಎತ್ತಿಕೊಂಡಾಗ ಮೇಡಂ ಹಾಳೆಯ ಅಂಚನ್ನು ಬಿಗಿಯಾಗಿ ಹಿಡಿದರು. “ಮೆಲ್ಲಗೆ, ಹರಿಯುತ್ತೆ,” ಎಂದರು.

ಶನಿವಾರ ಮಂಡಳಿಯವರ ಮುಂದೆ ತೆರೆದ ಪುಸ್ತಕದಲ್ಲಿ ಒಂದೂ ಚುಕ್ಕೆ ಇರಲಿಲ್ಲ. ಉಜ್ಜಿ ಉಜ್ಜಿ ಹಾಳೆಗಳು ಸವೆದಿದ್ದವು. ಪಟ್ಟಿ ಎಲ್ಲಿ ಎಂದಾಗ, ಅಂಥದ್ದು ತಮ್ಮಲ್ಲಿಲ್ಲ ಎಂದರು ಪೆನ್ಸಿಲಕ್ಕ. ದಾಖಲೆಯ ಮೇಲೆ ರಬ್ಬರ್ ಆಡಿಸಿದ್ದಕ್ಕೆ ಅವರಿಗೆ ಮೆಮೊ ಬಂತು.

ಈಗ ಪೆನ್ಸಿಲಕ್ಕ ಹಿಂದಿನ ಕೋಣೆಯಲ್ಲಿ ವರ್ಗಾವಣೆ ಪತ್ರಗಳನ್ನು ಬರೆಯುತ್ತಾರೆ. ಚೀಟಿ ಹಂಚುವ ಕೆಲಸ ಪಿ.ಟಿ. ಮೇಷ್ಟರ ಪಾಲಿಗೆ ಬಂದಿದೆ. ಅವರು ಸರದಿಯಂತೆ ಎಲ್ಲರಿಗೂ ಸಮನಾಗಿ ಕೊಡುತ್ತಾರೆ, ಮುಖ ನೋಡುವುದಿಲ್ಲ. ಗಣಿತದ ಮೇಡಂ ಮೂರು ವಾರ ರಜೆ ಹಾಕಿ ಮರಳಿದ್ದಾರೆ. ದೂರಿನ ವಿಚಾರಣೆ ಇನ್ನೂ ಮುಗಿದಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಅರ್ಧ ಜನ ಈಗಲೂ ಪೆನ್ಸಿಲಕ್ಕನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಮೇಡಂ ನಿಲ್ಲಿಸುವುದಿಲ್ಲ, ಬಿಡುವಿನಲ್ಲಿ ಹಿಂದಿನ ಕೋಣೆಗೇ ಹೋಗಿ ಚಹಾ ಕುಡಿಯುತ್ತಾರೆ. ಆದರೆ ಬೆಳಿಗ್ಗೆ ಸಹಿ ಹಾಕುವಾಗ ಯಾರೂ ಓದದಂತೆ ಎಡಗೈಯನ್ನು ಅಡ್ಡ ಹಿಡಿಯುತ್ತಾರೆ.