ಇಂದುಬಾಯಿ ಜೋಡಿಸಿದ ಆಷಾಢ

ಇಂದುಬಾಯಿ ಸುತಾರಳಿಗೆ ಓದಲು ಬರುವುದಿಲ್ಲ. ಮೂವತ್ತೊಂದು ವರ್ಷ ನಮ್ಮ ಮುದ್ರಣಾಲಯದ ಬೈಂಡಿಂಗ್ ಕೋಣೆಯಲ್ಲಿ ಕೂತು ಲಕ್ಷಗಟ್ಟಲೆ ಹಾಳೆ ಮಡಚಿದ ಕೈ ಅವಳದು. ಒಂದು ಅಕ್ಷರವೂ ಆ ಕೈಗೆ ಅಂಟಲಿಲ್ಲ. ಆದರೂ ಕೊಲ್ಲಾಪುರದ ಚಿತ್ರಕಾರರೂ ಕವಿಗಳೂ ಮಂಡಳಿ ಕಟ್ಟಿಕೊಂಡು ಪ್ರತಿ ಯುಗಾದಿ ಪಾಡ್ಯಕ್ಕೆ ಹೊರತರುವ ಕ್ಯಾಲೆಂಡರಿನಲ್ಲಿ, ಯಾವ ಚಿತ್ರದ ಕೆಳಗೆ ಯಾವ ಕವಿತೆ ಬರಬೇಕೆಂದು ಹೇಳುವವಳು ಅವಳೇ.

ಮೊದಲು ಮಂಡಳಿಯವರೇ ಜೋಡಿಸುತ್ತಿದ್ದರಂತೆ. ಒಂದು ವರ್ಷ ಇಬ್ಬರು ಕವಿಗಳು ಒಂದೇ ಚಿತ್ರಕ್ಕಾಗಿ ಅಂಗಿ ಹಿಡಿದು ಜಗಳಾಡಿದರು. ಮಂಡಳಿಯ ಅಧ್ಯಕ್ಷ ಭಾಸ್ಕರರಾವ್ ಇಂಗವಲೆ, ಅವರೂ ಚಿತ್ರಕಾರರೇ, ಬೇಸತ್ತು ಒಳಗಿದ್ದ ಇಂದುಬಾಯಿಯನ್ನು ಕರೆದು, "ಬಾಯಿ, ಇವರ ಹೆಸರು ನಿನಗ ಓದಾಕ ಬರೂದಿಲ್ಲ, ಇವರ ಮಾರಿನೂ ನೀ ನೋಡಿಲ್ಲ. ನೀನೇ ಜೋಡ್ಸು" ಎಂದರಂತೆ. ಅಂದಿನಿಂದ ಅದೇ ಪದ್ಧತಿ. ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ಹನ್ನೆರಡು ಚಿತ್ರಗಳ ಪ್ರತಿಗಳನ್ನು ನೆಲದ ಮೇಲೆ ಹರಡುತ್ತೇವೆ. ಇಂದುಬಾಯಿ ನಡುವೆ ಕೂರುತ್ತಾಳೆ. ತಿಂಗಳಿಗೊಂದರಂತೆ ಕವಿತೆಯನ್ನು ಗಟ್ಟಿಯಾಗಿ ಓದಬೇಕು. ಅವಳು ಕಣ್ಣು ಮುಚ್ಚಿ ಕೇಳಿ ಒಂದು ಚಿತ್ರದ ಮೇಲೆ ಅಂಗೈ ಇಡುತ್ತಾಳೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ.

ಹದಿನಾಲ್ಕು ವರ್ಷದಿಂದ ಓದುವವನು ನಾನು. ಚಿಕ್ಕೋಡಿ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಬಣ್ಣದ ಪ್ಲೇಟು ಮಾಡುವ ಕೆಲಸಕ್ಕೆ ಸೇರಿದವನು. ನನ್ನ ಮರಾಠಿಯ ಉಚ್ಚಾರಕ್ಕೆ ಮೊದಲ ವರ್ಷ ಇಂದುಬಾಯಿ ನಕ್ಕು, "ಕಲ್ಲ ಮ್ಯಾಲೆ ಗಾಡಿ ಹೊಡದಂಗ ಓದ್ತಿ. ಇರ್ಲಿ, ಖರೇ ಅನಸ್ತೈತಿ" ಎಂದಿದ್ದಳು.

ಅವಳ ಕೈ ಸುಮ್ಮನೆ ಬೀಳುವುದಿಲ್ಲ ಎಂದು ನನಗೆ ತಿಳಿದದ್ದು ಮೂರನೇ ವರ್ಷ. ಮಾತು ನಿಲ್ಲಿಸಿದ ಅತ್ತೆಯೊಬ್ಬಳ ಮೇಲಿನ ಕವಿತೆಗೆ ಅವಳು ಒಂದು ಕೆಂಪು ಚೌಕವನ್ನು ಆರಿಸಿದಳು. ಚೌಕ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಪಾಡ್ಯದ ದಿನ ಆ ಪುಟ ತೆರೆದಾಗ ಚಿತ್ರಕಾರ ಬೆವತು ಕುಳಿತುಬಿಟ್ಟ. ಆ ಕೆಂಪಿನ ಕೆಳಗೆ ಅವನು ತನ್ನ ತಾಯಿಯ ಮುಚ್ಚಿದ ಬಾಯಿಯನ್ನು ಬರೆದು, ನೋಡಲಾಗದೆ, ಬಣ್ಣ ಬಳಿದು ಮುಚ್ಚಿದ್ದನಂತೆ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಹೀಗೆ ಬೇರೆಯವರದನ್ನೆಲ್ಲ ಮುಟ್ಟಿ ಹೇಳುವ ಇಂದುಬಾಯಿಗೆ ತನ್ನದೊಂದು ಮಾತ್ರ ತಿಳಿದಿರಲಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ.

ಬಾಪು ಸುತಾರ ಬಡಗಿ. ಪ್ರತಿ ವರ್ಷ ಆಷಾಢ ಏಕಾದಶಿಗೆ, ಭಜನೆ ಮಾಡುತ್ತ ಸಾಗುವ ಭಕ್ತರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವವನು. ಹೋಗುವಾಗ ಎಲ್ಲರೂ ನಡೆಯುತ್ತಾರೆ, ಬರುವಾಗ ಎಲ್ಲರೂ ಬಸ್ಸು ಹತ್ತುತ್ತಾರೆ. ಬಾಪು ಬರುವಾಗಲೂ ನಡೆದೇ ಬರುತ್ತಿದ್ದ. "ದೇವರನ್ನ ನೋಡಾಕ ನಡದು, ಹೆಂಡ್ತೀನ ನೋಡಾಕ ಬಸ್ಸೇನು?" ಎನ್ನುತ್ತಿದ್ದನಂತೆ. ಇಪ್ಪತ್ತೆರಡು ವರ್ಷದ ಹಿಂದಿನ ಆಷಾಢದಲ್ಲಿ ಏಕಾದಶಿಯ ದಿನ ಅವನನ್ನು ನದಿಯ ಮೆಟ್ಟಿಲ ಮೇಲೆ ಕಂಡವರಿದ್ದರು. ಆಮೇಲೆ ಕಂಡವರಿಲ್ಲ.

ಹನ್ನೆರಡು ವರ್ಷ ಕಳೆದಾಗ ಮೈದುನ ಬಂದು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸೋಣ ಎಂದ. ಇಂದುಬಾಯಿ ಒಪ್ಪಲಿಲ್ಲ. "ಸುಟ್ಟ ಮ್ಯಾಲೆ ಬಂದು ಬಾಗಿಲದಾಗ ನಿಂತರ ಏನಂತ ಕರೀಲೋ?" ಎಂದಳು. ಹಸಿರು ಬಳೆ, ಹಣೆಯ ಕುಂಕುಮ ಹಾಗೇ ಉಳಿದವು. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯಲೂ ಆರರು, ಬಿಡಲೂ ಆರರು. ಕರೆದ ಮನೆಯಲ್ಲಿ ಅವಳಿಗೆ ಕುಂಕುಮ ಹಚ್ಚುವಾಗ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಗಳಿಗೆಯೇ ತನ್ನನ್ನು ಅರೆಯುತ್ತದೆ ಎಂದು ನನ್ನ ಮುಂದೆ ಒಮ್ಮೆ ಹೇಳಿದ್ದಳು. "ಹೌದು ಅನ್ಲಿ, ಇಲ್ಲ ಅನ್ಲಿ. ಯಾವುದಾರ ಒಂದು."

ಜೋಡಿಸುವಾಗ ಅವಳು ಆಷಾಢವನ್ನು ಯಾವಾಗಲೂ ಕೊನೆಗೆ ಇಡುತ್ತಿದ್ದಳು. ಹನ್ನೊಂದು ತಿಂಗಳು ಮುಗಿದ ಮೇಲೆ ಉಳಿದ ಚಿತ್ರ ಆಷಾಢಕ್ಕೆ. ಆ ತಿಂಗಳನ್ನು ಆರಿಸುವ ಧೈರ್ಯ ಅವಳಿಗಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಹೋದ ವರ್ಷ ಮಾತ್ರ ಉಳಿದ ಚಿತ್ರವನ್ನು ಕಂಡು ಅವಳು ನೆಲಕ್ಕೆ ಬಾಗಿದಳು. ಋತಾ ಚೌಗುಲೆ ಎಂಬ ಹುಡುಗಿಯ ಚಿತ್ರ. ಬೂದಿ ಮತ್ತು ಮಣ್ಣಿನ ಬಣ್ಣದಲ್ಲಿ ಒಂದು ದಾರಿ. ದಾರಿ ತುಂಬ ಮೇಲಿನಿಂದ ಕಂಡ ಪಾದಗಳು, ನೂರಾರು, ಎಲ್ಲವೂ ಮೇಲ್ಮುಖವಾಗಿ ಹೊರಟವು. ನಟ್ಟನಡುವೆ ಒಂದೇ ಜೋಡಿ ಪಾದ ಕೆಳಮುಖವಾಗಿ, ನಮ್ಮ ಕಡೆಗೆ.

"ಇವ ಯಾರಪ್ಪಾ, ಬುತ್ತಿ ಮರತು ಬಂದಾನ?" ಎಂದು ಭಾಸ್ಕರರಾವ್ ನಕ್ಕರು. ನಾವೂ ನಕ್ಕೆವು.

ಇಂದುಬಾಯಿ ನಗಲಿಲ್ಲ. "ಚಪ್ಪಲಿ ನೋಡು. ಬಲಗಾಲಿನ ಪಟ್ಟಿ. ಹಸರು ದಾರ."

"ಎಲ್ಲೈತಿ ಬಾಯಿ? ಹಸರೇ ಇಲ್ಲಲ್ಲ ಇದರಾಗ" ಎಂದೆ ನಾನು.

"ನಿನಗ ಚಷ್ಮಾ ಬೇಕು. ಇದು ನಾ ಹೊಲದದ್ದು. ಬೈಂಡಿಂಗ್ ದಾರದಾಗ, ಮೇಣ ಹಚ್ಚಿ. ಅವರು ಹೊಂಟ ದಿನ ಮುಂಜಾನೆ."

ನಾನು ಭೂತಗನ್ನಡಿ ಹಿಡಿದು ನೋಡಿದೆ. ಹಸಿರು ಇರಲಿಲ್ಲ. ಅವಳನ್ನು ನೋಯಿಸಬಾರದೆಂದು ಕನ್ನಡಿ ಕೆಳಗಿಟ್ಟೆ. ಉಳಿದಿದ್ದ ಕವಿತೆ ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಬಂದರೆ ಬಾಗಿಲು ತಟ್ಟಬೇಡ,
ತೆರೆದಿಟ್ಟೇ ಮುದುಕಿಯಾದೆ.
ನೀರು ಕೇಳು.
ನೀರು ಕೇಳಿದವರಿಗೆ
ಯಾರು ನೀನು ಎನ್ನುವುದಿಲ್ಲ.

"ಇನ್ನೊಮ್ಮೆ ಓದು" ಎಂದಳು. ಎಂದೂ ಹಾಗೆ ಕೇಳಿದವಳಲ್ಲ. ಓದಿದೆ. ಅಂಗೈಯನ್ನು ಆ ಪಾದಗಳ ಮೇಲಿಟ್ಟು ತುಂಬ ಹೊತ್ತು ತೆಗೆಯಲಿಲ್ಲ.

ಫಾಲ್ಗುಣದಲ್ಲಿ ಹಾಳೆಗಳು ಯಂತ್ರದಿಂದ ಹೊರಬಂದವು. ಆಷಾಢದ ಮೊದಲ ಹಾಳೆಯನ್ನೇ ಎತ್ತಿ ನೋಡಿದೆ. ಕೆಳಮುಖವಾಗಿದ್ದ ಬಲಪಾದದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಹಸಿರು. ಅಚ್ಚಿನಲ್ಲಿ ಹಸಿರು ಮೂಡಬೇಕಾದರೆ ನೀಲಿಯ ಮೇಲೆ ಹಳದಿ ಬೀಳಬೇಕು. ನೀಲಿ, ಹಳದಿ ಎರಡೂ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ಆ ಜಾಗ ಹುಡುಕಿದೆ. ಎರಡರಲ್ಲೂ ಅಲ್ಲಿ ಏನೂ ಇರಲಿಲ್ಲ. ಒಂದು ಬಣ್ಣದ ಪ್ಲೇಟಿನಲ್ಲಿ ಕಸ ಕೂತರೆ ಚುಕ್ಕೆ ಬೀಳಬಹುದು, ಎರಡರಲ್ಲಿ ಒಂದೇ ಜಾಗಕ್ಕೆ ದಾರದಂತೆ ಬೀಳುವುದಿಲ್ಲ. ಇದು ನನ್ನ ಕಸುಬು. ನನಗೆ ಇಷ್ಟಾದರೂ ಗೊತ್ತು.

ಪಾಡ್ಯದ ಮುಂಜಾನೆ ಓಣಿಯ ಗರಡಿಮನೆಯ ಅಂಗಳದಲ್ಲಿ ಕ್ಯಾಲೆಂಡರಿನ ಬಿಡುಗಡೆ. ಬೇವು ಬೆಲ್ಲ ತಿಂದು, ಪಾಡ್ಯಕ್ಕೆಂದು ರೇಷ್ಮೆ ಬಟ್ಟೆ ಕಟ್ಟಿ ನಿಲ್ಲಿಸಿದ ಗುಡಿಯ ಕೋಲಿಗೆ ಕೈಮುಗಿದು, ಇಂದುಬಾಯಿ ಒಂದೊಂದೇ ಪುಟ ತಿರುವಿ ತೋರಿಸಿದಳು. ಪ್ರತಿ ಪುಟಕ್ಕೂ ಕವಿ ಓದುತ್ತಾನೆ, ಚಿತ್ರಕಾರ ಎದ್ದು ನಿಲ್ಲುತ್ತಾನೆ. ಆಷಾಢ ಬಂದಾಗ ಋತಾ ಮುಂದೆ ಬಂದು ಬಗ್ಗಿ ನೋಡಿದಳು.

"ನಾ ಹಸರ ಬಣ್ಣ ಹಚ್ಚೇ ಇಲ್ಲಲ್ರಿ."

"ಪ್ರೆಸ್ಸಿನವರು ಪುಕ್ಕಟ ಹಚ್ಚಿ ಕೊಟ್ಟಾರ, ತಗೋ" ಎಂದರು ಭಾಸ್ಕರರಾವ್. ಅಂಗಳವೆಲ್ಲ ನಕ್ಕಿತು. ನಾನು ಚಪ್ಪಲಿ ಹುಡುಕುವವನಂತೆ ನೆಲ ನೋಡಿದೆ.

ಇಂದುಬಾಯಿ ತನ್ನ ಪ್ರತಿಯನ್ನು ಮನೆಯ ಬಾಗಿಲಿನ ಎದುರು ಗೋಡೆಗೆ ತೂಗು ಹಾಕಿದಳು. ಚೈತ್ರ ಹೋಯಿತು, ವೈಶಾಖ, ಜ್ಯೇಷ್ಠ ಹೋದವು. ಆಷಾಢದ ಮೊದಲ ದಿನ ಕೆಲಸಕ್ಕೆ ಬಂದವಳು, "ಪುಟ ತಿರುವಿದೆ" ಎಂದಷ್ಟೇ ಹೇಳಿದಳು. ಏಕಾದಶಿ ಕಳೆಯಿತು. ಹುಣ್ಣಿಮೆ ಕಳೆಯಿತು. ಬಾಪು ಹಿಂದೆಲ್ಲ ನಡೆದು ಊರು ಮುಟ್ಟುತ್ತಿದ್ದ ದಿನಗಳವು. ಹುಣ್ಣಿಮೆಯಾದ ಒಂಬತ್ತನೆಯ ದಿನ ಇಂದುಬಾಯಿ ಕೆಲಸಕ್ಕೆ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹೇಳದೆ ತಪ್ಪಿಸಿದ ಮೊದಲ ದಿನ.

ಊಟದ ಬಿಡುವಿನಲ್ಲಿ ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅವಳು ಹೊಸ್ತಿಲ ಒಳಗೆ ಕೂತಿದ್ದಳು. ಹೊಸ್ತಿಲ ಮೇಲೆ ಖಾಲಿ ತಂಬಿಗೆ. ಹಣೆ ಬೋಳು. ಪಕ್ಕದ ಮೊರದಲ್ಲಿ ಒಡೆದ ಹಸಿರು ಬಳೆ. ಕಣ್ಣುಗಳು ಒಣಗಿದ್ದವು, ಮುಖ ಮಾತ್ರ ಮಿಂದೆದ್ದು ಬಂದವರ ಮುಖದಂತಿತ್ತು.

"ಯಾರು ಒಡದರು ಬಾಯಿ?"

"ನಾನ. ಬಂದಿದ್ರು."

"ಯಾವಾಗ?"

"ಮುಂಜಾನೆ, ಬಿಸಲು ಬಿದ್ದಮ್ಯಾಲೆ. ಒಳಗ ಬರ್ರಿ ಅಂದೆ. ಕಾಲಾಗ ಧೂಳ ಅದ ಅಂದ್ರು. ನೀರು ಕೇಳಿದ್ರು. ತಂಬಿಗಿ ಎತ್ತಿ ಪೂರಾ ಕುಡದ್ರು. ನೀರು ಗಂಟಲದಾಗ ಇಳಿಯೂ ಸಪ್ಪಳ ಕೇಳಲಿಲ್ಲ. ಆವಾಗ ನನಗ ತಿಳೀತು." ಅವಳು ತಂಬಿಗೆಯ ಬಾಯಿ ಸವರಿದಳು. "ಮಂದಿ ಮುಂದ ಹೋಗ್ಯಾರ, ನಾನೂ ಕೂಡ್ಕೋಬೇಕು ಅಂದ್ರು. ಹೋಗಿ ಬರ್ರಿ ಅನ್ನಾಕ ಹೋದೆ. ಬರ್ರಿ ಅನ್ನೂದನ್ನ ನುಂಗಿದೆ. ಹೋಗ್ರಿ ಅಂದೆ."

ನಾನು ತಲೆ ಎತ್ತಿದೆ. ಎದುರಿಗೆ ಕ್ಯಾಲೆಂಡರು. ದಾರಿಯ ತುಂಬ ಪಾದಗಳು. ನಡುವಿನ ಜೋಡಿಯನ್ನು ಹುಡುಕಿದೆ. ಇತ್ತು. ಬಲಗಾಲಿನ ಪಟ್ಟಿಯಲ್ಲಿ ಹಸಿರು ದಾರವೂ ಇತ್ತು. ಆದರೆ ಬೆರಳುಗಳು ಮೇಲಕ್ಕಿದ್ದವು. ಎಲ್ಲರ ಜೊತೆ, ಎಲ್ಲರಂತೆ, ಅತ್ತ ಹೊರಟಿದ್ದವು.

ಮುದ್ರಣಾಲಯಕ್ಕೆ ಓಡಿದೆ. ಮಾರದೆ ಉಳಿದಿದ್ದ ಪ್ರತಿಗಳನ್ನು ತೆರೆದೆ. ಎಲ್ಲವೂ ಹಾಗೆಯೇ. ಫಾಲ್ಗುಣದಲ್ಲಿ ನಾನು ಎತ್ತಿಟ್ಟುಕೊಂಡಿದ್ದ ಮೊದಲ ಹಾಳೆಯೂ ಹಾಗೆಯೇ. ಭಾಸ್ಕರರಾವ್ ಅಂದು ಯಾವುದೋ ಆಮಂತ್ರಣ ಪತ್ರಿಕೆಗೆಂದು ಬಂದು ಚಹಾ ಕುಡಿಯುತ್ತಿದ್ದರು. ಅವರ ತಲೆಯ ಮೇಲಿನ ಗೋಡೆಯಲ್ಲೇ ಆಷಾಢ ತೂಗುತ್ತಿತ್ತು.

"ಸಾಹೇಬ್ರ, ಬುತ್ತಿ ಮರತು ಬಂದವ ಎಲ್ಲಿ?"

ಅವರು ನಗುತ್ತ ತಿರುಗಿದರು. ನೋಡಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ನೋಡಿದರು. ಎದ್ದು, ಆಷಾಢ ಮುಗಿಯಲು ಇನ್ನೂ ಆರು ದಿನವಿದ್ದರೂ, ಪುಟವನ್ನು ಶ್ರಾವಣಕ್ಕೆ ತಿರುವಿ ಹೊರಟುಹೋದರು. ಆ ಬಗ್ಗೆ ಇಂದಿಗೂ ಅವರು ಮಾತಾಡಿಲ್ಲ. ನಾನೂ ಕೇಳಿಲ್ಲ.

ಶ್ರಾವಣದಲ್ಲಿ ಮೈದುನನನ್ನು ಕರೆಸಿ ಇಂದುಬಾಯಿ ತಾನೇ ಕರ್ಮ ಮಾಡಿಸಿದಳು. ದರ್ಭೆಯ ಗೊಂಬೆಯ ಕಾಲಿಗೆ ಹಸಿರು ದಾರ ಸುತ್ತಿದ್ದಳಂತೆ.

ಈ ವರ್ಷದ ಮಾಘದಲ್ಲಿ ಮತ್ತೆ ಹನ್ನೆರಡು ಚಿತ್ರ ನೆಲಕ್ಕೆ ಹರಡಿದೆವು. ಚೈತ್ರದ ಕವಿತೆ ಓದಿದೆ, ವೈಶಾಖದ್ದು ಓದಿದೆ, ಜ್ಯೇಷ್ಠದ್ದು ಓದಿದೆ. ರೂಢಿಯಂತೆ ಆಷಾಢವನ್ನು ಬದಿಗಿಟ್ಟು ಶ್ರಾವಣದ ಹಾಳೆ ಎತ್ತಿಕೊಂಡೆ.

"ಯಾಕ, ನಡುವಿಂದು ಎಲ್ಲಿ ಹೋತು?" ಎಂದಳು ಇಂದುಬಾಯಿ. ಬೋಳು ಕೈಯನ್ನು ಚಿತ್ರಗಳ ಮೇಲೆ ಎತ್ತಿ ಹಿಡಿದು ಕಣ್ಣು ಮುಚ್ಚಿದ್ದಳು. "ಸಾಲಿನಾಗ ಓದು."

ಓದಿದೆ.