ಸೊಟ್ಟ ಅಕ್ಷರ

ಮೂವತ್ತು ವರ್ಷ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದ ಚಂದ್ರಮೌಳಿ, ಅಂಗಡಿ ಬಿಟ್ಟ ಮೇಲೂ ಕೃಷ್ಣಮೂರ್ತಿಪುರಂನ ಮನೆಯ ಹಿತ್ತಲಲ್ಲಿ ಲೋಹ ಉಜ್ಜುತ್ತ ಕೂರುತ್ತಿದ್ದರು. 2006ರಲ್ಲಿ ಸೈಕಲ್ ರೇಸಿಗೆ ಹೋಗುವ ಪಕ್ಕದ ಬೀದಿಯ ಹುಡುಗಿ ರಕ್ಷಿತಾ ತನ್ನ ಸೈಕಲ್ಲಿನ ಟೈಟಾನಿಯಂ ಹ್ಯಾಂಡಲ್ ಬಿಚ್ಚಿ ತಂದು, "ಬಿದ್ದು ಗೀರಾಗಿದೆ, ತೆಗೆದುಕೊಡಿ ತಾತ" ಎಂದಳು.

ಒದ್ದೆ ಎಮರಿ ಪೇಪರಿನಲ್ಲಿ ಎರಡು ದಿನ ಉಜ್ಜಿದಾಗ ಗೀರುಗಳು ಹೋದವು. ಮೊಳೆಯಲ್ಲಿ ಗೀಚಿದ 'ರಕ್ಷಿ' ಎಂಬ ಸೊಟ್ಟ ಹೆಸರೊಂದು ಉಳಿಯಿತು. ಅದು ಗೀರಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಸುಬಿನ ಜಂಬ ಸುಮ್ಮನಿರಬೇಕಲ್ಲ. ಅದನ್ನೂ ಉಜ್ಜಿ ಅಳಿಸಿ, ಅದೇ ಜಾಗದಲ್ಲಿ ಮುತ್ತು ಪೋಣಿಸಿದಂತೆ ಹೊಸದಾಗಿ ಕೊರೆದರು.

ಹ್ಯಾಂಡಲ್ ತಿರುಗಿಸಿ ನೋಡುತ್ತಿದ್ದ ರಕ್ಷಿತಾಳ ಹೆಬ್ಬೆರಳು ಆ ಹೆಸರಿನ ಮೇಲೆ ನಿಂತಿತು.

"ನಮ್ಮಣ್ಣ ಬರ್ದಿದ್ದು ಹೋಗ್ಬುಡ್ತಾ?"

"ಸೊಟ್ಟಗಿತ್ತು ಕಣಮ್ಮ. ಬೇಕಾದ್ರೆ ಅಣ್ಣನ ಕೈಲೇ ಇನ್ನೊಂದ್ಸಲ ಬರೆಸ್ಕೊ."

"ಅವ್ನು ಹೋದ್ವರ್ಷ ತೀರ್ಕೊಂಡ, ತಾತ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು "ಅಕ್ಷರ ಚೆನ್ನಾಗಿದೆ" ಎಂದು ಕೈಮುಗಿದು ಹೋದಳು.

ಆಮೇಲೆ ಯಾರು ಹೆಸರು ಕೊರೆಸಲು ಬಂದರೂ ಚಂದ್ರಮೌಳಿ ಬಂದವರ ಕೈಗೇ ಒಂದು ಮೊಳೆ ಕೊಟ್ಟು, "ಸೊಟ್ಟಗಾದ್ರೂ ಆಗ್ಲಿ, ನೀವೇ ಬರೀರಿ" ಎನ್ನುತ್ತಿದ್ದರು.